ಐನೂರು ವರ್ಷದ ಮನೆ ಅಂದರೆ ಯಾವ ಭಾಗ ಐನೂರು ವರ್ಷದ್ದು? (ಗ್ರೇಟ್ ಡಿಕ್ಸ್ಟರ್ ನೋಡಿ ಬಂದ ಮೇಲೆ)

ಮೆಡ್‌ವೇ ಮಂಜ

ಎಲ್ಲರಿಗೂ ನಮಸ್ಕಾರ. ಹೋದ ವಾರ ಈಸ್ಟ್ ಸಸೆಕ್ಸ್‌ನ ನಾರ್ಥಿಯಂ ಹಳ್ಳಿಯಲ್ಲಿರುವ ಗ್ರೇಟ್ ಡಿಕ್ಸ್ಟರ್‌ಗೆ ಹೋಗಿದ್ದೆವು. ಮನೆಯವಳಿಗೆ ತೋಟ ನೋಡಬೇಕಿತ್ತು. ಕ್ರಿಸ್ಟೋಫರ್ ಲಾಯ್ಡ್ ಬೆಳೆಸಿದ ತೋಟ ಅದು, ಗಿಡದ ಹುಚ್ಚಿರುವವರಿಗೆ ಕಾಶಿಯಿದ್ದಂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮನೆ. ಒಂದು ಕಡೆ ವಾಲಿಕೊಂಡ ಮುಖಮಂಟಪ, ಅದರ ಹಿಂದೆ ಎದೆ ಝಲ್ಲೆನ್ನುವಷ್ಟು ಎತ್ತರದ ಹಾಲ್, ತಲೆಯ ಮೇಲೆ ಓಕ್ ಮರದ ತೊಲೆಗಳು.

ಮನೆಯ ಚರಿತ್ರೆ ಹೇಳಿದಾಗ ತಲೆ ಕೆಟ್ಟಿತು. ಹಾಲ್ 15ನೇ ಶತಮಾನದ ನಡುಭಾಗದ್ದು. ಆಮೇಲೆ ಯಾರೋ ಅದರೊಳಗೆ ಅಂತಸ್ತು, ಗೋಡೆ ಹಾಕಿ ಹಲವು ಕೋಣೆ ಮಾಡಿಕೊಂಡರು. 1910ರಲ್ಲಿ ಕ್ರಿಸ್ಟೋಫರನ ಅಪ್ಪ ನಥಾನಿಯಲ್ ಲಾಯ್ಡ್ ಕೊಂಡು ಆ ಅಂತಸ್ತುಗಳನ್ನೆಲ್ಲ ಕಿತ್ತು ಹಾಲನ್ನು ಮತ್ತೆ ತೆರೆದ. ಅಷ್ಟು ಸಾಲದು ಅಂತ ಕೆಂಟ್‌ನ ಬೆನೆಂಡನ್‌ನಲ್ಲಿ ಕೆಡವಲು ಸಿದ್ಧವಾಗಿದ್ದ ಇನ್ನೊಂದು ಹಳೇ ಮರದ ಮನೆಯನ್ನು 75 ಪೌಂಡಿಗೆ ಕೊಂಡು, ಬಿಚ್ಚಿ ತಂದು, ಇಲ್ಲಿ ಜೋಡಿಸಿದ. ಎರಡರ ನಡುವೆ ಹೊಸದೊಂದು ಭಾಗ ಕಟ್ಟಿ ಕೂಡಿಸಿದವನು ಎಡ್ವಿನ್ ಲ್ಯೂಟೆನ್ಸ್. ಹೌದು, ಹೊಸದೆಹಲಿಯನ್ನು ರೂಪಿಸಿದ ವಾಸ್ತುಶಿಲ್ಪಿ ಲ್ಯೂಟೆನ್ಸೇ. ದೆಹಲಿಯ ಕೆಲಸ ಕೈಗೆ ಬರುವ ತುಸು ಮುಂಚೆ.

ಹಾಗಾದರೆ ನಾನು ನೋಡಿದ್ದು 15ನೇ ಶತಮಾನದ ಮನೆಯೋ, 1910ರ ಮನೆಯೋ? ಅಷ್ಟು ಚೆಂದದ ಹಾಲಿಗೆ ಅಡ್ಡ ನೆಲ ಹಾಕುವ ಬುದ್ಧಿ ಆ ಕಾಲದವರಿಗೆ ಯಾಕೆ ಬಂತು? ಅದನ್ನು ಕಿತ್ತದ್ದು ಸರಿಯೋ ತಪ್ಪೋ? ಈ ವೇದಿಕೆಯಲ್ಲಿ ಹಳೇ ಕಟ್ಟಡ ಬಲ್ಲವರಿದ್ದೀರಿ, ಸ್ವಲ್ಪ ಬಿಡಿಸಿ ಹೇಳಿ.

ಜಂತೆಮನೆ

ಮಂಜ, ಮೊದಲು ಒಲೆಯಿಂದ ಶುರು ಮಾಡಬೇಕು. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಆ ಹಾಲ್ ಅಷ್ಟು ಎತ್ತರ ಇದ್ದದ್ದು ಬರೀ ಠೀವಿಗಲ್ಲ. ನೆಲದ ನಡುವೆ ಬೆಂಕಿ ಉರಿಯುತ್ತಿತ್ತು, ಚಿಮಣಿ ಇರಲಿಲ್ಲ. ಹೊಗೆ ಮೇಲಕ್ಕೇರಿ ಮಾಡಿನ ಸಂದುಗಳಲ್ಲಿ, ಹೆಂಚಿನ ನಡುವೆ, ಮಾಡಿನ ತುದಿಯ ಸಣ್ಣ ತೆರಪುಗಳಲ್ಲಿ ಹೊರಗೆ ಹೋಗಬೇಕು. ಮಾಡು ತಗ್ಗಾಗಿದ್ದರೆ ಜನ ಹೊಗೆಯೊಳಗೇ ಊಟ ಮಾಡಬೇಕಾಗುತ್ತಿತ್ತು. ಕಿಟಕಿಗೆ ಗಾಜೂ ಇಲ್ಲ, ಮರದ ಸರಳು, ಒಳಗಡೆಯಿಂದ ಎಳೆಯುವ ಮರದ ಹಲಗೆ.

ಹಾಲಿನ ಒಂದು ತುದಿಗೆ ಯಜಮಾನನ ಖಾಸಗಿ ಕೋಣೆಗಳು, ಕೆಳಗೊಂದು ಮೇಲೊಂದು. ಇನ್ನೊಂದು ತುದಿಗೆ ಅಡ್ಡ ಓಣಿ: ಮುಂಬಾಗಿಲಿಂದ ಒಳಬಂದು ಹಿಂಬಾಗಿಲಿಂದ ಆಚೆ ಹೋಗಬಹುದು. ಓಣಿಯಾಚೆ ಪಕ್ಕಪಕ್ಕದಲ್ಲೇ ಎರಡು ಬಾಗಿಲು, ಒಂದು ಪಾನೀಯದ ಕೋಣೆಗೆ, ಒಂದು ರೊಟ್ಟಿಯ ಕೋಣೆಗೆ. ಶ್ರೀಮಂತನ ಮನೆಯಾಗಲಿ, ಹಳ್ಳಿಯ ಸ್ವಂತ ಜಮೀನಿನ ರೈತನದ್ದಾಗಲಿ, ನಕ್ಷೆ ಇದೇ, ಅಳತೆ ಮಾತ್ರ ಬೇರೆ. ಡಿಕ್ಸ್ಟರ್ ಜಹಗೀರುದಾರರ ಮನೆ, ಹಾಲ್ ಸುಮಾರು 40 ಅಡಿ ಉದ್ದ, 25 ಅಡಿ ಅಗಲ, 30 ಅಡಿ ಎತ್ತರ. ಬೆನೆಂಡನ್‌ನಿಂದ ತಂದದ್ದು 16ನೇ ಶತಮಾನದ ಆರಂಭದ ರೈತನ ಮನೆ. ಎರಡನ್ನೂ ಒಂದೇ ದಿನ ನೋಡಲು ಸಿಗುವುದೇ ಡಿಕ್ಸ್ಟರ್‌ನ ಲಾಭ.

ಇಟ್ಟಿಗೆ ಚಿಮಣಿ ಹಳ್ಳಿಗಳಿಗೆ ಬಂದದ್ದು 16ನೇ ಶತಮಾನದಲ್ಲಿ. ಎಸೆಕ್ಸ್‌ನ ರ‍್ಯಾಡ್‌ವಿಂಟರ್‌ನಲ್ಲಿ ಪಾದ್ರಿಯಾಗಿದ್ದ ವಿಲಿಯಂ ಹ್ಯಾರಿಸನ್ 1577ರಲ್ಲಿ ಅಚ್ಚಾದ ತನ್ನ ಬರಹದಲ್ಲಿ, ಊರಿನ ಮುದುಕರು ಕಂಡ ಬದಲಾವಣೆಗಳ ಪಟ್ಟಿ ಕೊಡುತ್ತಾನೆ. ಮೊದಲನೆಯದೇ ಇದು: ಈಗೀಗ ಎಲ್ಲೆಲ್ಲೂ ಚಿಮಣಿ, ನಮ್ಮ ಹುಡುಗುಪ್ರಾಯದಲ್ಲಿ ಊರಿಗೆ ಎರಡೋ ಮೂರೋ ಇದ್ದರೆ ಹೆಚ್ಚು ಅಂತ. ಒಂದೇ ಆಯುಷ್ಯದಲ್ಲಿ ಆದ ಬದಲಾವಣೆ.

ಚಿಮಣಿ ಬಂದ ಮೇಲೆ ಹೊಗೆಗೆಂದು ಬಿಟ್ಟಿದ್ದ ಎತ್ತರಕ್ಕೆ ಕೆಲಸವಿಲ್ಲ. ಮೂವತ್ತಡಿ ಗಾಳಿಯನ್ನು ಯಾರು ಕಾಯಿಸುತ್ತಾರೆ? ಅಡ್ಡ ತೊಲೆ ಕೊಟ್ಟು ಜಂತೆ ಹಾಸಿದರೆ ಮೇಲೊಂದು ಬೆಚ್ಚನೆಯ ಕೋಣೆ ಪುಕ್ಕಟೆ. ಹಾಗೇ ದಕ್ಷಿಣ ಇಂಗ್ಲೆಂಡಿನ ಸಾವಿರಾರು ಮನೆಗಳಲ್ಲಿ ಹಾಲ್ ಮಾಯವಾಯಿತು. ಕೆಲವರು ಒಂದೇ ಏಟಿಗೆ ಇಟ್ಟಿಗೆಗೆ ಹೋಗಲಿಲ್ಲ. ಹಾಲಿನ ಒಂದು ಕಿರಿದಾದ ಅಂಕಣವನ್ನಷ್ಟೇ ಹೊಗೆಗೆ ಮೀಸಲಿಟ್ಟು ಉಳಿದದ್ದಕ್ಕೆ ಅಂತಸ್ತು ಹಾಕಿದರು. ಮಗನ ಕಾಲಕ್ಕೋ ಮೊಮ್ಮಗನ ಕಾಲಕ್ಕೋ ಆ ಅಂಕಣದೊಳಗೇ ಇಟ್ಟಿಗೆಯ ಚಿಮಣಿ ಎದ್ದಿತು.

ಅಂತಸ್ತು ಹಾಕಿದವರನ್ನು ಬುದ್ಧಿಯಿಲ್ಲದವರು ಅನ್ನಬೇಡ. ಚಳಿಗಾಲ ಅನುಭವಿಸಿದವರು ಅವರು.

ಸಿವಿಲ್ ಸೀನ

ಜಂತೆಮನೆ ಸರಿಯಾಗಿ ಹೇಳಿದ್ದಾರೆ. ನಾನು ಸ್ಟ್ರಕ್ಚರಲ್ ಕೆಲಸದವನು, ನನ್ನ ಕಣ್ಣು ಹೋಗುವುದು ಬೇರೆ ಕಡೆ.

ಈ ಮನೆಗಳ ಓಕನ್ನು ಒಣಗಿಸಿ ಬಳಸುತ್ತಿರಲಿಲ್ಲ. ಒಣಗಿದ ಓಕ್ ಉಳಿ ಮುರಿಯುವಷ್ಟು ಗಟ್ಟಿ. ಕಡಿದ ವರ್ಷದಲ್ಲೋ ಮರುವರ್ಷದಲ್ಲೋ ಹಸಿಯಾಗಿಯೇ ಕಚ್ಚು ಕೊರೆದು ಜೋಡಿಸುತ್ತಿದ್ದರು. ಜೋಡಣೆಗೆ ಕಬ್ಬಿಣವಿಲ್ಲ, ಓಕ್ ಗೂಟ. ಎರಡು ಮರಗಳ ತೂತುಗಳನ್ನು ಬೇಕೆಂದೇ ಕೂದಲೆಳೆ ಸರಿಸಿ ಕೊರೆಯುತ್ತಿದ್ದರು, ಗೂಟ ಬಡಿದಾಗ ಕಚ್ಚು ಬಿಗಿಯಾಗಿ ಎಳೆದುಕೊಳ್ಳಲಿ ಅಂತ. ಆಮೇಲೆ ಮರ ಕಟ್ಟಡದಲ್ಲೇ ಒಣಗಿ, ಸೊಟ್ಟಗಾಗಿ, ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಮಂಜನಿಗೆ ವಾಲಿದಂತೆ ಕಂಡ ಮುಖಮಂಟಪ ಬೀಳುವುದಿಲ್ಲ.

ಇದೇ ಕಾರಣಕ್ಕೆ ಕಾಲ ಗೊತ್ತುಮಾಡುವುದೂ ಸಾಧ್ಯ. ತೊಲೆಗೆ ಪೆನ್ಸಿಲ್ ದಪ್ಪದ ತೂತು ಕೊರೆದು ಉಂಗುರ ಎಣಿಸುತ್ತಾರೆ, ಅಗಲ-ಕಿರಿದಾದ ಉಂಗುರಗಳ ಸಾಲನ್ನು ಆ ಪ್ರದೇಶದ ದಾಖಲೆಗೆ ಹೋಲಿಸುತ್ತಾರೆ. ತೊಗಟೆಯವರೆಗೂ ಮರ ಉಳಿದಿದ್ದರೆ ಯಾವ ಚಳಿಗಾಲದಲ್ಲಿ ಕಡಿದದ್ದು ಅನ್ನುವವರೆಗೂ ಹೇಳಬಹುದು. ತೊಗಟೆಯ ಕಡೆಯ ಬಿಳಿಮರ ಕೆತ್ತಿ ಹಾಕಿದ್ದರೆ ಇಂಥ ವರ್ಷದ ನಂತರ ಅಂತ ಮಾತ್ರ.

ಕಿತ್ತದ್ದು ಸರಿಯೋ ಅನ್ನುವುದಕ್ಕೆ ನನ್ನ ಓಟು ಲಾಯ್ಡ್‌ಗೆ. ಡಿಕ್ಸ್ಟರ್ ಹಾಲಿನ ಮಾಡು ಸಾಮಾನ್ಯದ್ದಲ್ಲ. ಒಂದು ಕಡೆ ಗೋಡೆಯಿಂದ ಗೋಡೆಗೆ ಹಾಯುವ ತೊಲೆ, ಇನ್ನೊಂದು ಕಡೆ ಗೋಡೆಯಿಂದ ಚಾಚಿ ನಡುವೆಯೇ ನಿಲ್ಲುವ ಹ್ಯಾಮರ್‌ಬೀಮ್. ಎರಡೂ ಒಂದೇ ಹಾಲಿನಲ್ಲಿ ಸಿಗುವುದು ಅಪರೂಪ. ಅಂತಸ್ತುಗಳ ನಡುವೆ ಹೂತುಹೋಗಿದ್ದರೆ ಅದನ್ನು ನೋಡುವವರಾರು?

ಕಡಲತಡಿ

ಬಿಚ್ಚಿ ಬೇರೆ ಕಡೆ ಜೋಡಿಸುವುದು ಅಂದಾಗ ನನಗೆ ನೆನಪಾದದ್ದು ಮಣಿಪಾಲದ ಹಸ್ತಶಿಲ್ಪ. ವಿಜಯನಾಥ ಶೆಣೈಯವರು ಬೀಳಲಿದ್ದ ಮನೆಗಳನ್ನು ಕಂಬ ಕಂಬ ಬಿಚ್ಚಿ ತಂದು ನಿಲ್ಲಿಸಿದರಲ್ಲ, ಅದೇ ಜಾತಿಯ ಹುಚ್ಚು. ಬೆನೆಂಡನ್ ಮನೆಯದ್ದೂ ಒಂದೊಂದು ಮರಕ್ಕೆ ನಂಬರ್ ಹಾಕಿ ತಂದದ್ದಂತೆ. ಒಂದೇ ವ್ಯತ್ಯಾಸ, ಲಾಯ್ಡ್ ತಂದದ್ದು ಮ್ಯೂಸಿಯಂಗಲ್ಲ, ತನ್ನ ಹೆಂಡತಿ ಮಕ್ಕಳು ಮಲಗುವುದಕ್ಕೆ.

ಸುಮ್ನೆ ಓದುವವ

ಒಂದು ಸಣ್ಣ ಸಂಶಯ. ನಮ್ಮೂರ ಪಬ್‌ನ ತೊಲೆಗಳು ಹಳೇ ಹಡಗಿನದ್ದು ಅಂತ ಅಲ್ಲಿನ ಯಜಮಾನ ಆಣೆ ಹಾಕಿ ಹೇಳುತ್ತಾನೆ. ಹಿಂದೆ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ ಸ್ಪೇನಿನ ನೌಕಾಪಡೆ ಆರ್ಮಡಾದ ಹಡಗಂತೆ. ತೊಲೆಯಲ್ಲಿ ಬೇಡದ ಕಡೆಯೆಲ್ಲ ತೂತು, ಕಚ್ಚು ಇವೆ, ಅದೇ ಸಾಕ್ಷಿಯಂತೆ. ನಿಜವೇ?

ಜಂತೆಮನೆ

ಆ ಪಬ್‌ಗಳಿಗೆಲ್ಲ ಒದಗಿಸಬೇಕಾದರೆ ಆರ್ಮಡಾದಲ್ಲಿ ಹತ್ತು ಸಾವಿರ ಹಡಗು ಇರಬೇಕಿತ್ತು! ಸಮುದ್ರದಿಂದ ಅರವತ್ತು ಮೈಲಿ ಒಳಗಿನ ಹಳ್ಳಿಯವರೂ ಇದನ್ನೇ ಹೇಳುತ್ತಾರೆ. ಹಡಗಿನ ಮರಕ್ಕೆ ಬಾಗು ಹೆಚ್ಚು, ಮನೆಗೆ ಒಗ್ಗುವುದು ಕಷ್ಟ. ಹಡಗುಕಟ್ಟೆಯ ಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು ನಿಜವಾದ ಉದಾಹರಣೆ ಇದೆ, ಅಷ್ಟೇ.

ಖಾಲಿ ಕಚ್ಚು ಹೇಳುವ ಕತೆ ಬೇರೆ. ಅಲ್ಲೊಂದು ಗೋಡೆ ಇತ್ತು, ತೆಗೆದರು. ಅಲ್ಲೊಂದು ಬಾಗಿಲಿತ್ತು, ಮುಚ್ಚಿದರು. ತೊಲೆಯ ಅಡಿಯಲ್ಲಿ ವಜ್ರದಾಕಾರದ ಕುಳಿಗಳು ಸಾಲಾಗಿ ಸಿಕ್ಕರೆ ಅಲ್ಲಿ ಗಾಜಿಲ್ಲದ ಕಿಟಕಿ ಇತ್ತು, ಮರದ ಸರಳುಗಳನ್ನು ಮೂಲೆ ಮುಂದೆ ಬರುವಂತೆ ನಿಲ್ಲಿಸಿದ್ದರು. ಪಕ್ಕದಲ್ಲೊಂದು ಉದ್ದ ಗೀರುಗಾಲುವೆ ಇದ್ದರೆ ಅದು ಹಲಗೆ ಜಾರುವ ದಾರಿ.

ಇದರ ತಮ್ಮನಂಥ ಇನ್ನೊಂದು ಕತೆಯನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಇಟ್ಟಿಗೆಯಂತೆ ಕಾಣುವ ಹೆಂಚು ಇದೆಯಲ್ಲ, ಲೂಯಿಸ್, ಕ್ಯಾಂಟರ್‌ಬರಿ ಕಡೆ ಮರದ ಮನೆಯ ಮುಖಕ್ಕೆ ಹೊಡೆದು ಇಟ್ಟಿಗೆ ಮನೆಯ ಹಾಗೆ ತೋರಿಸುತ್ತಾರೆ, ಮ್ಯಾಥಮ್ಯಾಟಿಕಲ್ ಟೈಲ್ ಅನ್ನುತ್ತಾರೆ. 1784ರ ಇಟ್ಟಿಗೆ ತೆರಿಗೆ ತಪ್ಪಿಸಲು ಹುಟ್ಟಿದ್ದು ಅಂತ ಎಲ್ಲ ಗೈಡ್‌ಗಳೂ ಹೇಳುತ್ತಾರೆ. ತೆರಿಗೆ ಬರುವುದಕ್ಕೆ ಅರ್ಧ ಶತಮಾನ ಮೊದಲೇ, 1734ರಲ್ಲೇ, ಸರ‍್ರೆಯಲ್ಲಿ ಅಂಥ ಹೆಂಚು ಹೊಡೆದಿದ್ದಾರೆ. ಮೇಲಾಗಿ ಆ ಕಾಯಿದೆ ಹೆಂಚಿಗೂ ತೆರಿಗೆ ಹಾಕಿತ್ತು! ಜನ ಹೊಡೆಸಿದ್ದು ಫ್ಯಾಷನ್‌ಗೆ, ಮಳೆಗೆ. ಇಟ್ಟಿಗೆ ಮುಚ್ಚಿದ ಕಿಟಕಿ ಕಂಡರೆ ಸಾಕು ಕಿಟಕಿ ತೆರಿಗೆ ಅನ್ನುವುದೂ ಹೀಗೇ. ಆ ತೆರಿಗೆ ಇದ್ದದ್ದು ನಿಜ, 1696ರಿಂದ 1851ರವರೆಗೆ, ಅದಕ್ಕಾಗಿ ಮುಚ್ಚಿದವೂ ಇವೆ. ಆದರೆ ಎಷ್ಟೋ ಕಿಟಕಿಗಳು ಹುಟ್ಟುಗುರುಡು. ಒಳಗೆ ಚಿಮಣಿ ಇರುತ್ತದೆ, ಹೊರಗೆ ಎರಡೂ ಕಡೆ ಸಮ ಕಾಣಬೇಕು ಅಂತ ಕುರುಡು ಕಿಟಕಿಯನ್ನೇ ಕಟ್ಟಿದರು.

ಬಾಡಿಗೆಮನೆ ಭಾಗೀರಥಿ

ಇದನ್ನೆಲ್ಲ ಓದುತ್ತಾ ನನಗೆ ನಮ್ಮ ಮನೆಯ ಮೇಲೆ ಸಂಶಯ ಬಂತು ನೋಡಿ. ಕೆಂಟ್‌ನ ಒಂದು ಹಳ್ಳಿಯಲ್ಲಿದ್ದೇವೆ, ಬಾಡಿಗೆಗೆ. ಕಾನೂನಿನ ರಕ್ಷಣೆಯಿರುವ ಹಳೇ ಕಟ್ಟಡಗಳ ಪಟ್ಟಿಯಲ್ಲಿ ಗ್ರೇಡ್ 2 ಅಂತ ಇರುವ ಮನೆ. ಮುಂದಿನಿಂದ ನೋಡಿದರೆ ಕೆಂಪು ಇಟ್ಟಿಗೆ, ಮೇಲೆ ಕೆಳಗೆ ಜಾರುವ ಕಿಟಕಿಗಳು, ಪಕ್ಕಾ 18ನೇ ಶತಮಾನದ ಶಿಸ್ತು. ಒಳಗೆ ಬಂದರೆ ಶಿಸ್ತು ಮಂಗಮಾಯ. ತೊಲೆಗೆ ತಲೆ ಹೊಡೆಯುತ್ತದೆ, ಗೋಲಿ ಇಟ್ಟರೆ ಮಲಗುವ ಕೋಣೆಯ ನೆಲದಲ್ಲಿ ತಾನೇ ಉರುಳಿ ಬಾಗಿಲಿಗೆ ಬರುತ್ತದೆ. ಮುಂಬಾಗಿಲು ತೆಗೆದರೆ ಮೂಗಿಗೆ ಇಟ್ಟಿಗೆ ಗೋಡೆ, ಎಡಕ್ಕೋ ಬಲಕ್ಕೋ ತಿರುಗಲೇಬೇಕು. ಪಟ್ಟಿಯ ದಾಖಲೆಯಲ್ಲಿ ಎರಡೇ ಸಾಲು, 17ನೇ ಶತಮಾನ, ಮುಂಭಾಗ ಆಮೇಲಿನದು ಅಂತ. ಜಂತೆಮನೆಯವರೇ, ನಮ್ಮದೂ ಹಾಲ್ ಇದ್ದ ಮನೆಯೇ?

ಜೊತೆಗೊಂದು ಗೋಳು. ಪಕ್ಕದ ಗೋಡೆಗೆ ಹಿಂದೆ ಯಾವನೋ ಕಂಟ್ರಾಕ್ಟರ್ ಸಿಮೆಂಟ್ ಗಿಲಾವು ಮಾಡಿ ಹೋಗಿದ್ದಾನೆ. ಮಳೆಗಾಲ ಬಂದರೆ ಒಳಗಡೆ ಮೊಣಕಾಲೆತ್ತರ ತೇವ, ಬೂಸಲು. ಮಾಲೀಕರು ಇನ್ನೊಂದು ಪದರ ಹಾಕಿಸೋಣ ಅನ್ನುತ್ತಿದ್ದಾರೆ.

ಸಿವಿಲ್ ಸೀನ

ದಯವಿಟ್ಟು ಆ ಇನ್ನೊಂದು ಪದರ ಬೇಡ!

ಹಳೇ ಗೋಡೆ ಅಂದರೆ ಓಕ್ ಚೌಕಟ್ಟು, ನಡುವೆ ಕಡ್ಡಿ ಹೆಣೆದ ತಡಿಕೆ, ಅದಕ್ಕೆ ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿದ ಗಾರೆ, ಮೇಲೆ ಸುಣ್ಣ. ಈ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸಿಮೆಂಟ್ ಹಾಕಿದರೆ ಬಿಡುವುದಕ್ಕೆ ದಾರಿ ಇಲ್ಲ. ಮರ ಋತುವಿಗೊಮ್ಮೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಜಗ್ಗುವುದಿಲ್ಲ, ಕೂದಲೆಳೆಯ ಬಿರುಕು ಬಿಡುತ್ತದೆ. ಬಿರುಕಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಎಲ್ಲ ಇಳಿದು ತಳದ ಅಡ್ಡಮರದಲ್ಲಿ ಕೂರುತ್ತದೆ. ಐನೂರು ವರ್ಷ ನಿಂತ ಓಕ್ ಇಪ್ಪತ್ತು ಮೂವತ್ತು ವರ್ಷದಲ್ಲಿ ನೆನೆದ ಬಿಸ್ಕತ್ತಿನಂತಾಗುತ್ತದೆ. ತೇವ ಕಾಣುವ ಕಡೆ ತಳದ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ, ಸಲೀಸಾಗಿ ಇಳಿದರೆ ಮಾಲೀಕರಿಗೆ ಅವತ್ತೇ ಬರೆಯಿರಿ. ಸಿಮೆಂಟ್ ತೆಗೆಸಿ ಸುಣ್ಣಕ್ಕೆ ಹೋಗಬೇಕು. ಅದಕ್ಕೂ ಮೊದಲು ಕೌನ್ಸಿಲ್‌ನ ಸಂರಕ್ಷಣಾ ಅಧಿಕಾರಿಯನ್ನು ಮಾಲೀಕರು ಮಾತಾಡಿಸಲಿ. ಪಟ್ಟಿಯಲ್ಲಿರುವ ಮನೆಯ ಸ್ವರೂಪಕ್ಕೆ ಒಪ್ಪಿಗೆಯಿಲ್ಲದೆ ಕೈ ಹಾಕಿದರೆ ಕ್ರಿಮಿನಲ್ ಅಪರಾಧ. ಮುಂಭಾಗಕ್ಕೆ ಮಾತ್ರವಲ್ಲ, ಒಳಗೂ ಅಷ್ಟೇ.

ಜಂತೆಮನೆ

@ಭಾಗೀರಥಿ, ಎರಡು ಸಾಲಿನ ದಾಖಲೆಯನ್ನು ನೆಚ್ಚಿಕೊಳ್ಳಬೇಡಿ. ಹಳೇ ನಮೂದುಗಳಲ್ಲಿ ಬಹಳಷ್ಟು ರಸ್ತೆಯಲ್ಲಿ ನಿಂತು ಬರೆದವು, ಮನೆ ಯಾವುದು ಅಂತ ಗುರುತಿಸಲಷ್ಟೇ.

ಬಾಗಿಲು ತೆಗೆದರೆ ಮೂಗಿಗೆ ಗೋಡೆ ಅಂದಿರಲ್ಲ, ಕಿವಿ ನೆಟ್ಟಗಾಯಿತು. ಅದು ಚಿಮಣಿಯ ಪಕ್ಕೆ. ಅಡ್ಡ ಓಣಿ ಇದ್ದ ಜಾಗದಲ್ಲೇ ಚಿಮಣಿ ಎಬ್ಬಿಸಿದರೆ ಹೀಗಾಗುತ್ತದೆ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಒಲೆ, ಎರಡೂ ಕಡೆಯ ಕೋಣೆಗೆ ಬಿಸಿ, ಬಾಗಿಲಿನ ಗಾಳಿ ನೇರ ಒಳಗೆ ನುಗ್ಗುವುದಿಲ್ಲ. ಆದರೆ 17ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿದ ಮನೆಗಳಿಗೂ ಇದೇ ನಕ್ಷೆ, ಆದ್ದರಿಂದ ಇದೊಂದೇ ಸಾಲದು. ಉತ್ತರ ಇರುವುದು ಅಟ್ಟದಲ್ಲಿ. ಏಣಿ ಹಾಕಿ ಹತ್ತಿ, ಟಾರ್ಚ್ ಹಿಡಿದು ಪಕಾಸಿಗಳನ್ನು (ಮಾಡು ಹೊರುವ ಓರೆ ಮರಗಳನ್ನು) ನೋಡಿ, ಇಲ್ಲಣ, ಅಂದರೆ ಹೊಗೆಯ ಮಸಿ, ಹಿಡಿದಿದೆಯೇ ಅಂತ. ಬರೀ ಹಳೇ ಮರದ ಕಂದು ಬಣ್ಣ ಅಲ್ಲ, ಬೆರಳಿಗೆ ಹತ್ತುವ ಕಪ್ಪು. ಯಾವ ಭಾಗದಲ್ಲಿದೆ, ಎಲ್ಲಿ ನಿಲ್ಲುತ್ತದೆ, ಅದನ್ನೂ ಗಮನಿಸಿ. ಜಂತೆ ಬಿಟ್ಟು ಪ್ಲಾಸ್ಟರ್ ಮೇಲೆ ಕಾಲಿಟ್ಟರೆ ಕೆಳಗಿನ ಕೋಣೆಗೆ ಬೀಳುತ್ತೀರಿ, ಜೋಪಾನ.

ಈಗ @ಸೀನ, ನಿಮ್ಮ ಓಟಿಗೆ ನನ್ನ ತಕರಾರು. ಡಿಕ್ಸ್ಟರ್ ಹಾಲಿನ ಸೌಂದರ್ಯಕ್ಕೆ ನಾನೂ ಸೋತವನೇ. ಆದರೆ ಅಲ್ಲಿ ಕಿತ್ತು ಹಾಕಿದ್ದು ಏನು? ಶತಮಾನಗಟ್ಟಲೆ ಆ ಮನೆಯಲ್ಲಿ ಬಾಳಿದ ಜನ ಮಾಡಿಕೊಂಡ ನೆಲ, ಗೋಡೆ. ಜಹಗೀರುದಾರ ಅಲ್ಲಿ ಹಾಲ್ ಕಟ್ಟಿ ವೈಭವವಾಗಿ ಇದ್ದದ್ದಕ್ಕಿಂತ ಹೆಚ್ಚು ಕಾಲ ಆ ಅಂತಸ್ತುಗಳು ಅಲ್ಲಿದ್ದವು. ನಮಗೆ ರಾಜಗಾಂಭೀರ್ಯ ಬೇಕು, ಗೋಧಿಮೂಟೆ ಇಟ್ಟ ಕೋಣೆ ಬೇಡ. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ್ದೇ ಈ ಚಾಳಿಯ ವಿರುದ್ಧ. ಆಗ ಚರ್ಚುಗಳಲ್ಲಿ ನಡೆಯುತ್ತಿದ್ದದ್ದು ಇದೇ, ಯಾವುದೋ ಒಂದು ಶತಮಾನವನ್ನು ಆರಿಸಿ, ಅದರ ಮೇಲಿನದ್ದನ್ನೆಲ್ಲ ಹೆರೆದು, ಕಳೆದುಹೋದದ್ದನ್ನು ಊಹೆಯಿಂದ ತುಂಬುವುದು. ಸಂಘ ಕೇಳಿದ್ದು ಇಷ್ಟೇ: ಸೋರುವುದನ್ನು ನಿಲ್ಲಿಸಿ, ವಾಲಿದ್ದಕ್ಕೆ ಆಸರೆ ಕೊಡಿ, ಉಳಿದದ್ದನ್ನು ಬಿಡಿ.

ಆಲ್‌ಫ್ರಿಸ್ಟನ್ ಹಳ್ಳಿಯ ಪಾದ್ರಿಮನೆ ನೋಡಿ. ಅದೂ ಹಾಲ್ ಇರುವ ಮರದ ಮನೆ, ಹುಲ್ಲಿನ ಮಾಡು, ಕೆಡವಬೇಕು ಅನ್ನುವ ಸ್ಥಿತಿಗೆ ಬಂದಿತ್ತು. ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ 1896ರಲ್ಲಿ 10 ಪೌಂಡಿಗೆ ಕೊಂಡಿತು, ಟ್ರಸ್ಟ್ ಕೊಂಡ ಮೊದಲ ಕಟ್ಟಡವೇ ಅದು. ರಿಪೇರಿಗೆ ಬೆನ್ನಿಗೆ ನಿಂತದ್ದು ಇದೇ ಸಂಘ. ಅಲ್ಲಿನ ಹಾಲಿನ ನೆಲ ಸೀಮೆಸುಣ್ಣದ ಕಲ್ಲನ್ನು ಕುಟ್ಟಿ ಹುಳಿ ಹಾಲಿನಲ್ಲಿ ಗಟ್ಟಿ ಮಾಡಿದ್ದು.

ಸಿವಿಲ್ ಸೀನ

ಸಂಘದ ಮಾತು ಒಪ್ಪುತ್ತೇನೆ, ಆದರೆ ಡಿಕ್ಸ್ಟರ್‌ನಲ್ಲಿ ಊಹೆಯಿಂದ ತುಂಬಿದ್ದು ಕಡಿಮೆ. ಹಾಲಿನ ಚೌಕಟ್ಟು ಅಲ್ಲೇ ಇತ್ತು, ಅಂತಸ್ತಿನ ಮರೆಯಲ್ಲಿ. ಮರೆ ತೆಗೆದರು. 1910ರಲ್ಲಿ ಹೇಗಿತ್ತು ಅನ್ನುವ ಫೋಟೋಗಳೂ ಉಳಿದಿವೆ. ಲಾಯ್ಡ್ ಬರೀ ದುಡ್ಡಿದ್ದ ಮುದ್ರಣೋದ್ಯಮಿ ಅಲ್ಲ. ಈ ಮನೆಯ ಕೆಲಸದಲ್ಲಿ ಹಿಡಿದ ಗೀಳು ಬಿಡದೆ 1925ರಲ್ಲಿ ಇಂಗ್ಲಿಷ್ ಇಟ್ಟಿಗೆ ಕೆಲಸದ ಚರಿತ್ರೆ, 1931ರಲ್ಲಿ ಇಂಗ್ಲಿಷ್ ಮನೆಯ ಚರಿತ್ರೆ ಬರೆದವನು.

ಲ್ಯೂಟೆನ್ಸ್ ಸೇರಿಸಿದ ಭಾಗವನ್ನೂ ನೋಡಿ. ಸುಳ್ಳು ಓಕ್ ಪಟ್ಟಿ ಅಂಟಿಸಿ 15ನೇ ಶತಮಾನದ ವೇಷ ಹಾಕಲಿಲ್ಲ. ಗೋಡೆಗೆ ಹೆಂಚು ಹೊದಿಸಿದ, ದೊಡ್ಡ ಮಾಡು, ಎತ್ತರದ ಇಟ್ಟಿಗೆ ಚಿಮಣಿಗಳು. ಸಸೆಕ್ಸ್-ಕೆಂಟ್ ಗಡಿಯ ಯಾವ ಹಳ್ಳಿಗೆ ಹೋದರೂ ಕಾಣುವ ಸಾಮಗ್ರಿ. ಹಳೆಯದು ಯಾವುದು, ಹೊಸದು ಯಾವುದು ಅಂತ ಕಣ್ಣಿರುವವನಿಗೆ ಗೊತ್ತಾಗುತ್ತದೆ, ಆದರೆ ಜಗಳ ಕಾಣುವುದಿಲ್ಲ.

ಮೆಡ್‌ವೇ ಮಂಜ

ಇಬ್ಬರ ಮಾತೂ ಹೌದು ಅನ್ನಿಸುತ್ತಿದೆ, ಇದೇ ಕಷ್ಟ. ನಾವು ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್‌ನ ತೆರೆದ ಬಯಲಿನ ಮ್ಯೂಸಿಯಂನಲ್ಲಿ ಬೇಲೀಫ್ ಅನ್ನುವ ಮನೆಯನ್ನೂ ನೋಡಿದ್ದೆವು. ಒಳಗೆ ನೆಲದ ನಡುವೆ ಬೆಂಕಿ ಹಾಕಿದ್ದರು. ಎರಡು ನಿಮಿಷಕ್ಕೆ ಕಣ್ಣಲ್ಲಿ ನೀರು, ಜಾಕೆಟ್ ಮೂರು ದಿನ ಹೊಗೆ ವಾಸನೆ. ಅದನ್ನೂ ಹೀಗೇ ಮಾಡಿದ್ದಾ?

ಜಂತೆಮನೆ

ಬೇಲೀಫ್ ಇನ್ನೂ ಒಂದು ಹೆಜ್ಜೆ ಮುಂದೆ. ಕೆಂಟ್‌ನ ಚಿಡಿಂಗ್‌ಸ್ಟೋನ್ ಕಡೆಯ ರೈತನ ಮನೆ ಅದು. ಬೋ ಬೀಚ್ ಜಲಾಶಯಕ್ಕಾಗಿ ಆ ಜಾಗ ಬಿಡಬೇಕಾಗಿ 1960ರ ದಶಕದ ಕೊನೆಗೆ ಬಿಚ್ಚಿದರು. ಹಾಲ್ 15ನೇ ಶತಮಾನದ ಆರಂಭದ್ದು, ಯಜಮಾನನ ಕೋಣೆಗಳ ತುದಿ 16ನೇ ಶತಮಾನದ ಆರಂಭದ್ದು. ಮತ್ತೆ ನಿಲ್ಲಿಸುವಾಗ ಆಮೇಲೆ ಬಂದ ಚಿಮಣಿ, ಅಂತಸ್ತು ಬಿಟ್ಟು, ಸುಮಾರು 1540ರಲ್ಲಿ ಹೇಗಿದ್ದಿರಬಹುದೋ ಹಾಗೆ ಜೋಡಿಸಿದರು. ಪಾಠ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ, ನಾನೇ ಎಷ್ಟು ಜನರನ್ನು ಕರೆದುಕೊಂಡು ಹೋಗಿದ್ದೇನೋ. ಮೂಲ ಜಾಗವೇ ಹೋಗುವಾಗ ಬೇರೆ ದಾರಿಯೂ ಇರಲಿಲ್ಲ. ಆದರೆ ಆ ಮನೆ 1540ಕ್ಕೆ ಗಡಿಯಾರ ನಿಲ್ಲಿಸಿಕೊಂಡು ಕೂತಿದೆ.

ಡಿಕ್ಸ್ಟರ್‌ನಲ್ಲಿ ಗಡಿಯಾರ ನಿಲ್ಲಲಿಲ್ಲ, ಅಷ್ಟು ಒಪ್ಪುತ್ತೇನೆ ಸೀನ. ಲಾಯ್ಡ್ ತನ್ನ ಕಾಲದ ಬದಲಾವಣೆ ತಾನು ಮಾಡಿದ, ಅದೂ ಈಗ ಚರಿತ್ರೆ. ಇವತ್ತು ಯಾರಾದರೂ ಲ್ಯೂಟೆನ್ಸ್ ಭಾಗ ಕೆಡವಿ ಶುದ್ಧ 15ನೇ ಶತಮಾನ ಮಾಡುತ್ತೇನೆ ಅಂದರೆ ಗ್ರೇಡ್ 1, ಅಂದರೆ ಪಟ್ಟಿಯ ಮೇಲ್ದರ್ಜೆಯ ಮನೆಗೆ ಯಾರು ಒಪ್ಪಿಗೆ ಕೊಡುತ್ತಾರೆ? 1910ರಲ್ಲಿ ಈ ಕಾನೂನು ಇದ್ದಿದ್ದರೆ ಲಾಯ್ಡ್‌ಗೂ ಅಂತಸ್ತು ಕೀಳಲು ಬಿಡುತ್ತಿರಲಿಲ್ಲವೇನೋ. ಹಾಗೆ ಬಿಡದಿದ್ದರೆ ಆ ಹಾಲನ್ನು ನಾನು ನೋಡುತ್ತಲೂ ಇರಲಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ತಕರಾರು ಮಾತ್ರ ಇದೆ.

ಸುಮ್ನೆ ಓದುವವ

ಪಬ್ ಯಜಮಾನನಿಗೆ ಆರ್ಮಡಾ ವಿಷಯ ಹೇಳಿದೆ. ಬಿಯರ್ ಅರ್ಧಕ್ಕೇ ನಿಲ್ಲಿಸಿದ.

ಬಾಡಿಗೆಮನೆ ಭಾಗೀರಥಿ

ಮಾಲೀಕರನ್ನು ಕೇಳಿಯೇ ಅಟ್ಟ ಹತ್ತಿದೆವು. ನನ್ನ ಗಂಡ ಏಣಿ ಹಿಡಿದುಕೊಂಡರು, ಹತ್ತಿದ್ದು ನಾನೇ.

ಚಿಮಣಿ ಮಾಡನ್ನು ತೂರಿ ಹೋಗುತ್ತದೆ. ಅದರ ಎಡಕ್ಕೆ ಪಕಾಸಿಗಳೆಲ್ಲ ಕಡುಗಪ್ಪು. ಬೆರಳಿಟ್ಟೆ, ಕಾಡಿಗೆ ಹಚ್ಚಿಕೊಂಡ ಹಾಗಾಯಿತು. ಎರಡು ಅಂಕಣದಷ್ಟು ಹೀಗೇ ಹೋಗಿ, ಒಂದು ತಡಿಕೆ ಗೋಡೆ ಅಡ್ಡ ಬರುತ್ತದೆ, ಮಾಡಿನ ತುದಿಯವರೆಗೂ. ಅದರಲ್ಲಿ ಒಂದು ಕಡೆ ಮಣ್ಣು ಉದುರಿ ಕಡ್ಡಿಗಳು ಕಾಣುತ್ತವೆ, ಆ ಸಂದಿಯಿಂದ ಟಾರ್ಚ್ ಬಿಟ್ಟೆ. ಗೋಡೆಯ ಈ ಮುಖ ಕಪ್ಪು, ಆ ಕಡೆಯ ಪಕಾಸಿಗಳು ತಿಳಿ ಕಂದು, ಒಂದು ಚೂರೂ ಮಸಿ ಇಲ್ಲ! ಚಿಮಣಿಯ ಬಲಕ್ಕೆ ಮಾತ್ರ ಮರವೇ ಬೇರೆ. ತೆಳ್ಳಗೆ, ನೇರವಾಗಿ, ಪೈನ್ ಥರ, ಮೇಲ್ಮೈಯಲ್ಲಿ ಕಮಾನಿನಂಥ ಗೀರುಗಳು.

ಚಿಮಣಿಯ ಪಕ್ಕದ ತೊಲೆಯಲ್ಲಿ ಕಣ್ಣೀರಿನ ಹನಿಯಾಕಾರದ ಸುಟ್ಟ ಗುರುತುಗಳೂ ಇವೆ, ನಾಲ್ಕೈದು. ಯಾರೋ ದೀಪ ತಾಗಿಸಿದ ಹಾಗೆ.

ಜಂತೆಮನೆ

ಆ ಬೆರಳು ತೊಳೆಯುವ ಮುಂಚೆ ಒಂದು ಫೋಟೋ ತೆಗೆಯಬೇಕಿತ್ತು! ಟ್ಯೂಡರ್ ಅರಸರ ಕಾಲದವರ, ಅಂದರೆ 16ನೇ ಶತಮಾನದವರ, ಬಹುಶಃ ಅದಕ್ಕೂ ಹಿಂದಿನವರ ಅಡುಗೆಯ ಹೊಗೆ ಅದು.

ನಿಮ್ಮದು ಹಾಲ್ ಮನೆಯೇ. ಕಪ್ಪಾದ ಎರಡು ಅಂಕಣವೇ ಹಾಲ್, ಕೆಳಗಿನಿಂದ ಮಾಡಿನವರೆಗೂ ತೆರೆದಿತ್ತು. ಮಸಿ ಮೆತ್ತಿದ ತಡಿಕೆ ಗೋಡೆ ಹಾಲನ್ನೂ ಯಜಮಾನನ ಕೋಣೆಗಳನ್ನೂ ಬೇರ್ಪಡಿಸುತ್ತಿದ್ದದ್ದು, ಅದಕ್ಕೇ ಹೊಗೆ ಒಂದೇ ಮುಖಕ್ಕೆ. ಹೀಗೆ ಇಡಿಯಾಗಿ ಉಳಿದ ಗೋಡೆ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ಕೈ ಹಚ್ಚಬೇಡಿ, ಉದುರಿದ ಮಣ್ಣನ್ನೂ ಗುಡಿಸಬೇಡಿ, ಮಸಿಯನ್ನು ಯಾರೂ ಒರೆಸದ ಹಾಗೆ ನೋಡಿಕೊಳ್ಳಿ. ಬಲಗಡೆ ರೊಟ್ಟಿ, ಬಿಯರ್ ಇಡುವ ತುದಿ ಇರಬೇಕಿತ್ತು, ಅದು ಬಿದ್ದೋ ಸುಟ್ಟೋ ಹೋಗಿ ಆಮೇಲೆ ಕಟ್ಟಿದ್ದಾರೆ. ಕಮಾನು ಗೀರು ವೃತ್ತಾಕಾರದ ಗರಗಸದ್ದು, ಅಂದರೆ 19ನೇ ಶತಮಾನ. ಕೈಗರಗಸದ್ದಾಗಿದ್ದರೆ ಗೀರು ನೇರವಾಗಿ, ಅಂತರ ಹೆಚ್ಚುಕಡಿಮೆಯಾಗಿ ಇರುತ್ತಿತ್ತು.

ಹಾಗಾಗಿ ಹಾಲ್ 1500ರ ಆಚೀಚೆ, ಚಿಮಣಿ ಮತ್ತು ಅಂತಸ್ತು ಅದಾದ ನೂರು ವರ್ಷದೊಳಗೆ, ಇಟ್ಟಿಗೆಯ ಮುಖವಾಡ 18ನೇ ಶತಮಾನ, ಬಲತುದಿ 19ನೇದು, ಸಿಮೆಂಟ್ ನಿಮ್ಮ ಕಂಟ್ರಾಕ್ಟರ್‌ನದ್ದು. ಇದು ದೂರದಿಂದ ಹೇಳಿದ್ದು. ಉಂಗುರ ಎಣಿಸಿದವರ ಮುಂದೆ ನನ್ನ ಮಾತು ನಿಲ್ಲುವುದಿಲ್ಲ.

ಹನಿಯಾಕಾರದ ಗುರುತುಗಳು ಅಜಾಗರೂಕತೆಯಿಂದ ಆದವಲ್ಲ. ದೀಪವನ್ನು ಓರೆಯಾಗಿ ಹಿಡಿದು ಬೇಕೆಂದೇ ಸುಟ್ಟದ್ದು ಅಂತ ಪ್ರಯೋಗ ಮಾಡಿ ನೋಡಿದವರು ಹೇಳುತ್ತಾರೆ. ಬೆಂಕಿ, ಕೆಟ್ಟ ದೃಷ್ಟಿ ತಡೆಯುವುದಕ್ಕಿರಬೇಕು, ಒಲೆ, ಬಾಗಿಲುಗಳ ಹತ್ತಿರವೇ ಹೆಚ್ಚು ಸಿಗುತ್ತವೆ. ಚಿಮಣಿಯ ಗೂಡಿನಲ್ಲಿ ಹಳೇ ಚಪ್ಪಲಿ ಬಚ್ಚಿಡುವ ಪದ್ಧತಿಯೂ ಇತ್ತು, ನಾರ್ಥಾಂಪ್ಟನ್ ಮ್ಯೂಸಿಯಂನವರು ಅಂಥ ಸಿಕ್ಕ ಚಪ್ಪಲಿಗಳದ್ದೇ ದೊಡ್ಡ ಪಟ್ಟಿ ಇಟ್ಟಿದ್ದಾರೆ. ಹುಡುಕಲು ಹೋಗಿ ಇಟ್ಟಿಗೆ ಕಿತ್ತೀರಿ ಮತ್ತೆ!

ಒಂದೇ ಒಂದು ಕೆಲಸ ಬಾಕಿ. ಹಾಲಿನ ಭಾಗದಲ್ಲಿ ಹಿಂದಿನ ಗೋಡೆಯ ಮೇಲ್ತೊಲೆಯ ಅಡಿಯನ್ನು ನೋಡಿ, ವಜ್ರದಾಕಾರದ ಕುಳಿಗಳು ಇವೆಯೇ ಅಂತ. ಮುಂದಿನ ಗೋಡೆಯನ್ನು ಇಟ್ಟಿಗೆಯವರು ತಿಂದಿದ್ದಾರೆ, ಹಿಂದಿನದು ಉಳಿದಿರಬಹುದು.

ಸಿವಿಲ್ ಸೀನ

ಸ್ಕ್ರೂಡ್ರೈವರ್ ಪರೀಕ್ಷೆ ಏನಾಯಿತು?

ಬಾಡಿಗೆಮನೆ ಭಾಗೀರಥಿ

ಹಿಡಿಯವರೆಗೂ ಇಳಿಯಿತು. ಮಾಲೀಕರಿಗೆ ಫೋಟೋ ಸಮೇತ ಬರೆದಿದ್ದೇನೆ, ಸಂರಕ್ಷಣಾ ಅಧಿಕಾರಿಗೆ ತಾವೇ ಫೋನ್ ಮಾಡುತ್ತಾರಂತೆ. ಎರಡನೇ ಪದರದ ಮಾತು ಸದ್ಯಕ್ಕೆ ನಿಂತಿದೆ.

ಹಿಂದಿನ ಗೋಡೆಯ ತೊಲೆ ನೋಡಬೇಕಾದರೆ ನಮ್ಮ ಬಟ್ಟೆಯ ಬೀರು ಸರಿಸಬೇಕು. ಅದನ್ನು ಮಹಡಿಗೆ ಹತ್ತಿಸಿದ್ದೇ ದೊಡ್ಡ ಕತೆ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಕಾಲು ಕಳಚಿ ಹತ್ತಿಸಿದ್ದು. ಇವರು ಬೆನ್ನು ನೋವು ಅನ್ನುತ್ತಿದ್ದಾರೆ. ಮಂಜ, ನೀವು ಮೆಡ್‌ವೇ ಕಡೆಯವರಲ್ಲವೇ, ಶನಿವಾರ ಬಿಡುವಿದ್ದರೆ ಬನ್ನಿ, ಬಿಸಿಬೇಳೆಬಾತ್ ಮಾಡುತ್ತೇನೆ.

ಮೆಡ್‌ವೇ ಮಂಜ

ಹನ್ನೊಂದಕ್ಕೆ ಬರುತ್ತೇನೆ. ಟಾರ್ಚ್ ನಾನೇ ತರುತ್ತೇನೆ.